ಮುಖವೇ ಇಲ್ಲದ ಮುಷ್ಕರದ ಚಿತ್ರ: ಜಾಯ್ಸ್ ವೀಲೆಂಡ್ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ

ಹಳೇರೀಲು

ಎಲ್ಲರಿಗೂ ನಮಸ್ಕಾರ. ಗೆಳೆಯರೆಲ್ಲ ಸೇರಿ ಮೊನ್ನೆ ಒಂದು ಕಿರುಚಿತ್ರ ನೋಡಿದೆವು. ಹೆಸರು ‘ಸಾಲಿಡಾರಿಟಿ’, 1973ರದ್ದು, ಕೆನಡಾದ್ದು. ಸುಮಾರು 11 ನಿಮಿಷ. ಆಂಟೇರಿಯೊ ಪ್ರಾಂತ್ಯದ ಕಿಚನರ್ ಊರಿನಲ್ಲಿ ಡೇರ್ ಬಿಸ್ಕತ್ ಕಾರ್ಖಾನೆಯವರು ಮುಷ್ಕರ ಹೂಡಿದ್ದಾರೆ. ಹೆಚ್ಚಿನವರು ಹೆಂಗಸರು. ಆದರೆ ಚಿತ್ರದಲ್ಲಿ ಕಾಣುವುದು ಕಾಲುಗಳು. ಹುಲ್ಲಿನ ಮೇಲೆ ನಿಂತ ಕಾಲು, ನಡೆಯುವ ಕಾಲು, ಬೂಟು, ಚಪ್ಪಲಿ. ಭಾಷಣ ಕೇಳಿಸುತ್ತದೆ, ಭಾಷಣ ಮಾಡುವವರು ಕಾಣಿಸುವುದಿಲ್ಲ. ಪರದೆಯ ನಟ್ಟನಡುವೆ ಚಿತ್ರದ ಹೆಸರು ಹಾಗೇ ಕೂತುಬಿಟ್ಟಿರುತ್ತದೆ, ಹೋಗುವುದೇ ಇಲ್ಲ.

ಮಾಡಿದವರು ಜಾಯ್ಸ್ ವೀಲೆಂಡ್. ಹುಡುಕಿದರೆ ‘ಚಿತ್ರಕಲಾವಿದೆ’ ಅಂತ ಬರುತ್ತದೆ. ಇದನ್ನು ಸಾಕ್ಷ್ಯಚಿತ್ರ ಅನ್ನಬಹುದಾ? ಬಣ್ಣ ಬಳಿಯುತ್ತಿದ್ದವರು ಬಿಸ್ಕತ್ ಕಾರ್ಖಾನೆಯ ಗೇಟಿನ ಹತ್ತಿರ ಏನು ಮಾಡುತ್ತಿದ್ದರು?

ಒಗ್ಗರಣೆ

ಕ್ಯಾಮೆರಾ ಹಿಡಿದವರಿಗೆ ಕುತ್ತಿಗೆ ಉಳುಕಿತ್ತೇನೋ. ಸುಮ್ನೆ ಇಲ್ಲದ ಅರ್ಥ ಹುಡುಕಬೇಡಿ ಮಾರಾಯ್ರೆ.

ಕುಂಚದಕಡ್ಡಿ

ಒಗ್ಗರಣೆಯವರೇ, ಹುಡುಕುವಷ್ಟು ಅರ್ಥ ಇದೆ, ತಾಳಿ.

ವೀಲೆಂಡ್ ಹುಟ್ಟಿದ್ದು 1930ರಲ್ಲಿ, ಟೊರೊಂಟೊದಲ್ಲಿ. ಇಂಗ್ಲೆಂಡಿನಿಂದ ಬಂದು ನೆಲೆಸಿದ ಬಡ ಕುಟುಂಬ. ಆಕೆ ಇನ್ನೂ ಚಿಕ್ಕವಳಿರುವಾಗಲೇ ಅಪ್ಪನೂ ಹೋದರು, ಅಮ್ಮನೂ ಹೋದರು. ಅಕ್ಕ, ಅಣ್ಣ ಸೇರಿ ಬೆಳೆಸಿದರು. ಸೆಂಟ್ರಲ್ ಟೆಕ್ನಿಕಲ್ ಸ್ಕೂಲಿಗೆ ಸೇರಿದ್ದು ಬಟ್ಟೆ ವಿನ್ಯಾಸ ಕಲಿಯುವುದಕ್ಕೆ. ಒಂದು ಕಸುಬು ಕೈಗೆ ಹತ್ತಿದರೆ ಹೊಟ್ಟೆಪಾಡು ನಡೆಯುತ್ತದೆ ಅನ್ನುವ ಲೆಕ್ಕ. ಅಲ್ಲಿ ಪಾಠ ಹೇಳುತ್ತಿದ್ದ ಡೋರಿಸ್ ಮೆಕಾರ್ಥಿ (ಅವರೂ ಹೆಸರಾಂತ ಲ್ಯಾಂಡ್‌ಸ್ಕೇಪ್ ಕಲಾವಿದೆ) ಈ ಹುಡುಗಿಯ ಕೈ ನೋಡಿ, ನೀನು ಚಿತ್ರಕಲೆ ವಿಭಾಗಕ್ಕೆ ಬಾ ಅಂತ ಎಳೆದುಕೊಂಡರು.

ಆಮೇಲೆ 1950ರ ದಶಕದ ಮಧ್ಯದಲ್ಲಿ ಗ್ರಾಫಿಕ್ ಅಸೋಸಿಯೇಟ್ಸ್ ಅನ್ನುವ ಆನಿಮೇಷನ್ ಕಂಪನಿಯಲ್ಲಿ ಕೆಲಸ. ಸಿನಿಮಾ ಅಂಟಿಕೊಂಡಿದ್ದು ಅಲ್ಲೇ. ಗಂಡ ಸಿಕ್ಕಿದ್ದೂ ಅಲ್ಲೇ. ಮೈಕಲ್ ಸ್ನೋ, 1956ರಲ್ಲಿ ಮದುವೆ. ಅಂದರೆ ಆಕೆ ಪೇಂಟಿಂಗ್ ಬಿಟ್ಟು ಸಿನಿಮಾಕ್ಕೆ ಹೋದವರಲ್ಲ. ಎರಡೂ ಜೊತೆಯಲ್ಲೇ ಬಂದವು.

ಬೆಳ್ಳಿತೆರೆ ಭೂತ

ಮೈಕಲ್ ಸ್ನೋ ಅಂದರೆ ‘ವೇವ್‌ಲೆಂತ್’ ಸ್ನೋನಾ? ಒಂದು ಕೋಣೆಯ ಮೇಲೆ ನಿಧಾನಕ್ಕೆ ಮುಕ್ಕಾಲು ಗಂಟೆ ಝೂಮ್ ಮಾಡುತ್ತಾ ಹೋಗುವವರು? ಅಯ್ಯೋ, ಅವರ ಹೆಂಡತಿಯಾ ಇವರು!

ಕುಂಚದಕಡ್ಡಿ

ನೋಡಿ, ಇದೇ ಮಾತು ಆಕೆಯ ತಲೆ ಮೇಲೆ ಬಹಳ ವರ್ಷ ಕೂತಿತ್ತು. ಆ ಚಿತ್ರದಲ್ಲಿ ಆಕೆಯೂ ಕಾಣಿಸಿಕೊಂಡಿದ್ದಾರೆ, ಗಮನಿಸಿ.

ಕತ್ತರಿಟೇಬಲ್

ಹಳೇರೀಲು ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ‘ಸಾಲಿಡಾರಿಟಿ’ ಒಂದನ್ನೇ ನೋಡಿದರೆ ತಮಾಷೆ ಅನಿಸಬಹುದು. ಅದಕ್ಕಿಂತ ಒಂದು ವರ್ಷ ಹಿಂದಿನದನ್ನು ನೋಡಿ, ‘ಪಿಯರ್ ವಾಲ್ಯೇರ್’, 1972. ವಾಲ್ಯೇರ್ ಅಂದರೆ ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ್ಯ ಕ್ವಿಬೆಕ್‌ನ ಸ್ವಾತಂತ್ರ್ಯ ಚಳವಳಿಯ ಉಗ್ರ ಬಣವಾಗಿದ್ದ ಎಫ್‌ಎಲ್‌ಕ್ಯೂ ಜೊತೆಗಿದ್ದ ಲೇಖಕ. ನ್ಯೂಯಾರ್ಕ್ ಜೈಲಿನಲ್ಲಿದ್ದಾಗ ಪುಸ್ತಕ ಬರೆದ ಮನುಷ್ಯ. 1970ರ ಅಕ್ಟೋಬರಿನಲ್ಲಿ ಅಪಹರಣ, ಸಚಿವರೊಬ್ಬರ ಕೊಲೆ ಎಲ್ಲ ನಡೆದು, ಪ್ರಧಾನಿ ಪಿಯರ್ ಟ್ರುಡೊ ಯುದ್ಧಕಾಲದ ಕಾನೂನು ಜಾರಿ ಮಾಡಿದ್ದರು. ಆ ಬಿಸಿ ಇನ್ನೂ ಆರಿರಲಿಲ್ಲ.

ಇಂಥ ಮನುಷ್ಯನ ಸಂದರ್ಶನ ಸಿಕ್ಕಿದರೆ ನಾವು ನೀವು ಏನು ಮಾಡುತ್ತೇವೆ? ಕುರ್ಚಿಯಲ್ಲಿ ಕೂರಿಸಿ, ಹಿಂದೆ ಪುಸ್ತಕದ ಕಪಾಟು ಇಟ್ಟು, ಲೈಟು ಸರಿಮಾಡುತ್ತೇವೆ. ವೀಲೆಂಡ್ ಕ್ಯಾಮೆರಾ ಇಟ್ಟಿದ್ದು ಅವರ ತುಟಿಗೆ. ಇಡೀ ಪರದೆ ತುಂಬ ಬಾಯಿ. ಮೀಸೆಯ ಕೂದಲು, ಬಣ್ಣ ಕೆಟ್ಟ ಹಲ್ಲು, ಮಾತಿನ ನಡುವೆ ಒಣಗಿದ ತುಟಿ ಒದ್ದೆಯಾಗುವುದು. ಮೂರು ರೀಲು, ಮೂರು ವಿಷಯ: ಮೋಂ ಲೋರಿಯೆ ಅನ್ನುವ ಊರು, ಕ್ವಿಬೆಕ್ ಇತಿಹಾಸ ಮತ್ತು ಜನಾಂಗ, ಕೊನೆಗೆ ಹೆಣ್ಣಿನ ಬಿಡುಗಡೆ. 16 ಎಂಎಂನ 400 ಅಡಿ ರೀಲು ಅಂದರೆ 11 ನಿಮಿಷ ಓಡುತ್ತದೆ. ರೀಲು ಮುಗಿಯುವವರೆಗೆ ಮಾತು. ಎಡಿಟಿಂಗಿನಲ್ಲಿ ಮಾತನ್ನು ಕತ್ತರಿಸಿ ಇನ್ನೆಲ್ಲೋ ಅಂಟಿಸುವ ಚಾಳಿ ಇಲ್ಲವೇ ಇಲ್ಲ.

ಎಡಿಟಿಂಗ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಸಂದರ್ಶನಗಳಲ್ಲಿ ಜನರ ಮಾತನ್ನು ಎಷ್ಟು ಕತ್ತರಿಸುತ್ತೇವೆ ಅಂತ ನಮಗೇ ಗೊತ್ತು. ಆ ಲೆಕ್ಕದಲ್ಲಿ ಇದು ನಮ್ಮ ಚಿತ್ರಗಳಿಗಿಂತ ಜಾಸ್ತಿ ಸಾಕ್ಷ್ಯಚಿತ್ರ.

ಒಗ್ಗರಣೆ

ಮೂವತ್ತು ಚಿಲ್ಲರೆ ನಿಮಿಷ ಮೀಸೆ ನೋಡಬೇಕಾ? ಅದೂ ಫ್ರೆಂಚ್ ಭಾಷೆಯಲ್ಲಿ?

ತಮಾಷೆ ಬಿಡಿ, ನಿಜವಾಗಿ ಕೇಳುತ್ತೇನೆ. ಸಾಕ್ಷ್ಯಚಿತ್ರದಿಂದ ನನಗೆ ವಿಷಯ ತಿಳಿಯಬೇಕು. ಆ ಬಿಸ್ಕತ್ ಕಾರ್ಖಾನೆಯಲ್ಲಿ ಸಂಬಳ ಎಷ್ಟಿತ್ತು, ಜಗಳ ಯಾಕೆ, ಮುಷ್ಕರ ಗೆದ್ದಿತಾ ಸೋತಿತಾ? ಕಾಲು ನೋಡಿದರೆ ಇದು ಗೊತ್ತಾಗುತ್ತದಾ? ಗೇಟಿನ ಮುಂದೆ ನಿಂತಿದ್ದ ಹೆಂಗಸರಿಗೂ ತಮ್ಮ ಮುಖ ಪರದೆ ಮೇಲೆ ಬರಲಿ ಅಂತ ಆಸೆ ಇರುವುದಿಲ್ಲವೇ? ಕಲಾವಿದೆಗೆ ತನ್ನ ಪ್ರಯೋಗ ಮುಖ್ಯವಾಯಿತು, ಅವರಿಗೆ ಕಾಲು ಮಾತ್ರ ಸಿಕ್ಕಿತು.

ಸೂಜಿದಾರ

ಒಗ್ಗರಣೆ ಅಣ್ಣಾ, ಈ ಸಲ ನಿಮ್ಮ ಪ್ರಶ್ನೆ ಚೆನ್ನಾಗಿದೆ. ಆದರೆ ನಾನು ಒಪ್ಪುವುದಿಲ್ಲ. ಮುಷ್ಕರದ ಚಿತ್ರಗಳಲ್ಲಿ ಮುಖ ಬರುವುದು ಯಾರದು? ಮುಂದಾಳಿನದು. ಮೈಕ್ ಹಿಡಿದವರದು. ಉಳಿದವರು ಹಿಂದೆ ಗುಂಪು. ಕಾಲು ತೋರಿಸಿದಾಗ ಮುಂದಾಳು ಯಾರು, ಹಿಂದಾಳು ಯಾರು ಗೊತ್ತೇ ಆಗುವುದಿಲ್ಲ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ನೋವು ಬರುವುದೂ ಕಾಲಿಗೇ.

ಹಳೇರೀಲು

ಇದು ನನಗೆ ಹೊಳೆದಿರಲಿಲ್ಲ. ಅಂದಹಾಗೆ ನಿಮ್ಮ ಹೆಸರು ಸೂಜಿದಾರ ಅಂತಿದೆ, ಆಕೆಯ ಕೌದಿಗಳ ಬಗ್ಗೆ ಏನಾದರೂ ಗೊತ್ತಾ? ಎಲ್ಲ ಕಡೆ ‘ಕೌದಿ, ಸಿನಿಮಾ, ಪೇಂಟಿಂಗ್’ ಅಂತ ಒಟ್ಟಿಗೆ ಬರೆದಿರುತ್ತಾರೆ.

ಸೂಜಿದಾರ

ಗೊತ್ತಾ ಅಂತ ಕೇಳಿದಿರಿ, ಇನ್ನು ಅನುಭವಿಸಿ.

1968ರಲ್ಲಿ ಟ್ರುಡೊ ಪ್ರಧಾನಿಯಾದರು. ಭಾವಾವೇಶಕ್ಕಿಂತ ವಿವೇಕ ಮೇಲು, ನಾನು ಬರೆದದ್ದೆಲ್ಲ ಅದೇ ಅನ್ನುವ ಅರ್ಥದ ಮಾತು ಅವರದ್ದು. ವೀಲೆಂಡ್ ಆ ಮಾತನ್ನೇ ತೆಗೆದುಕೊಂಡು ದೊಡ್ಡ ಕೌದಿ ಮಾಡಿದರು. ‘ರೀಸನ್ ಓವರ್ ಪ್ಯಾಶನ್’ ಅಂತ ಉಬ್ಬಿದ ಮೆತ್ತನೆ ಅಕ್ಷರಗಳು, ಸುತ್ತ ಬಣ್ಣಬಣ್ಣದ ಪುಟ್ಟ ಹೃದಯಗಳು. ಇಂಗ್ಲಿಷಿನಲ್ಲಿ ಒಂದು, ಫ್ರೆಂಚಿನಲ್ಲಿ ಒಂದು. ಹಾಸಿಗೆ ಮೇಲೆ ಹಾಸುವ ವಸ್ತುವಿನ ಮೇಲೆ ‘ಭಾವನೆ ಬೇಡ, ಬುದ್ಧಿ ಬೇಕು’ ಅಂತ ಹೊಲಿದದ್ದು! ಇದಕ್ಕಿಂತ ಚೆನ್ನಾಗಿ ಒಬ್ಬ ಪ್ರಧಾನಿಯ ಕಾಲೆಳೆಯಲು ಆಗುತ್ತದಾ?

ಮುಂದಿನದು ಇನ್ನೂ ಚೆನ್ನ. ಕೌದಿ ಪ್ರಧಾನಿ ಮನೆಯ ಮೆಟ್ಟಿಲ ಹತ್ತಿರ ತೂಗುತ್ತಿತ್ತು. ಒಂದು ದಿನ ಗಂಡ ಹೆಂಡತಿಗೆ ಜಗಳವಾಯಿತು. ಟ್ರುಡೊ ಹೆಂಡತಿ ಮಾರ್ಗರೆಟ್ ಅದರ ಅಕ್ಷರಗಳನ್ನು ಕಿತ್ತು ಕಿತ್ತು ಮೆಟ್ಟಿಲ ಕೆಳಗಿದ್ದ ಗಂಡನ ಮೇಲೆ ಎಸೆದರಂತೆ. ಇದು ಗಾಳಿಸುದ್ದಿಯಲ್ಲ, ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಬೆಳ್ಳಿತೆರೆ ಭೂತ

ಕಲಾಕೃತಿ ಅಂದರೆ ಇದಪ್ಪಾ. ಜಗಳಕ್ಕೂ ಉಪಯೋಗ.

ಮಾತುಗಾರ

ಟ್ರುಡೊ ವಿರೋಧಿ ಅಂತಾಯಿತು ಹಾಗಾದರೆ. ಎಡಪಂಥದವರು ಎಲ್ಲ ಕಡೆ ಒಂದೇ.

ಕುಂಚದಕಡ್ಡಿ

ಅಷ್ಟು ಸುಲಭವಿಲ್ಲ ಸರ್. ಮೊದಲು ಆಕೆ ಟ್ರುಡೊ ಬೆಂಬಲಿಗರೇ. 1962ರಿಂದ 1971ರವರೆಗೆ ಗಂಡ ಹೆಂಡತಿ ನ್ಯೂಯಾರ್ಕಿನಲ್ಲಿದ್ದರು. ಅಮೆರಿಕದಲ್ಲಿ ಕೂತು, ವಿಯೆಟ್ನಾಂ ಯುದ್ಧ ನೋಡುತ್ತಾ, ಕೆನಡಾದ ಮೇಲೆ ಪ್ರೀತಿ ಜಾಸ್ತಿಯಾಯಿತು. ಟ್ರುಡೊ ಮೇಲಿನ ಭ್ರಮೆ ಆಮೇಲೆ ಹರಿಯಿತು.

‘ರೀಸನ್ ಓವರ್ ಪ್ಯಾಶನ್’ ಹೆಸರಿನ ಸಿನಿಮಾನೂ ಇದೆ, 1969ರದ್ದು, ಸುಮಾರು 80 ನಿಮಿಷ. ಕೆನಡಾದ ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲಿನ ಕಿಟಕಿ, ಕಾರಿನ ಕಿಟಕಿಯಿಂದ ತೆಗೆದದ್ದು. ಕೆಳಗೆ ಟ್ರುಡೊ ಮಾತಿನ ಅಕ್ಷರಗಳು ಅದಲುಬದಲಾಗಿ ಓಡುತ್ತಿರುತ್ತವೆ. ಕಂಪ್ಯೂಟರಿನಿಂದ ಅಂಥ 537 ಜೋಡಣೆ ಮಾಡಿಸಿದ್ದರು. ಒಂದಕ್ಕೂ ಅರ್ಥವಿಲ್ಲ. ಜೊತೆಗೆ ಬೀಪ್ ಬೀಪ್ ಸದ್ದು. ನಡುವೆ ಟ್ರುಡೊ ಮುಖ. ಅದನ್ನು ಪರದೆಯಿಂದ ಮತ್ತೆ ಚಿತ್ರಿಸಿದ್ದರಿಂದ ಕಾಳುಕಾಳಾಗಿ ಒಡೆದುಹೋಗಿದೆ. ಕೌದಿಯಲ್ಲಿ ಮಾಡಿದ ಕೀಟಲೆಯನ್ನೇ ಇಲ್ಲಿ ಒಂದು ದೇಶದಷ್ಟು ಉದ್ದಕ್ಕೆ ಎಳೆದಿದ್ದಾರೆ.

ಟೊರೊಂಟೊ_ಚಳಿ

ನಾನು ಇಲ್ಲೇ ಇರುವವಳು. ಸ್ಪಡೈನಾ ಮೆಟ್ರೊ ನಿಲ್ದಾಣದ ಒಂದು ಬಾಗಿಲಿನ ಹತ್ತಿರ ಗಾಜಿನ ಹಿಂದೆ ದೊಡ್ಡ ಕೌದಿ ಇದೆ, ಕಾರಿಬೂ ಜಿಂಕೆಗಳ ಹಿಂಡು. 1978ರದ್ದು. ಕೆಲಸಕ್ಕೆ ಹೋಗುವಾಗ ಅದರ ಮುಂದೆಯೇ ಓಡುತ್ತಿದ್ದೆ. ಯಾರು ಮಾಡಿದ್ದು ಅಂತ ಓದುವುದಕ್ಕೆ ಪುರುಸೊತ್ತಾದರೂ ಎಲ್ಲಿ? ಒಂದು ಸಲ ಅಮ್ಮ ಬಂದಿದ್ದರು. ಅವರು ರೈಲು ಬಿಟ್ಟರೂ ಪರವಾಗಿಲ್ಲ ಅಂತ ಗಾಜಿಗೆ ಮೂಗು ಹಚ್ಚಿ ನಿಂತರು. ತೇಪೆ ಎಲ್ಲಿ ಕೂಡಿಸಿದ್ದಾರೆ, ಹೊಲಿಗೆ ಯಾವ ಕಡೆ ಓಡಿದೆ ಅಂತ ಬೆರಳಿಟ್ಟು ನನಗೆ ತೋರಿಸಿದರು. ಬಣ್ಣದ ಚಿತ್ರವಾಗಿದ್ದರೆ ಅಮ್ಮ ನಿಲ್ಲುತ್ತಿರಲಿಲ್ಲ, ಅದಂತೂ ಖಂಡಿತ.

2025ರಲ್ಲಿ ಮಾಂಟ್ರಿಯಲ್‌ನಲ್ಲೂ ಇಲ್ಲಿನ ಆರ್ಟ್ ಗ್ಯಾಲರಿ ಆಫ್ ಆಂಟೇರಿಯೊದಲ್ಲೂ ಆಕೆಯ ದೊಡ್ಡ ಪ್ರದರ್ಶನ ಆಯಿತು. ಪೇಂಟಿಂಗ್, ಕೌದಿ, ಸಿನಿಮಾ ಎಲ್ಲ ಒಟ್ಟಿಗೆ.

ಸೂಜಿದಾರ

ಅಕ್ಕಾ, ಅಮ್ಮನಿಗೆ ನನ್ನ ನಮಸ್ಕಾರ ಹೇಳಿ!

ಹೊಲಿಗೆಯಲ್ಲಿ ಆಕೆಯ ಅಕ್ಕನ ಕೈಯೂ ಇದೆ. ಬೇರೆ ಹೆಂಗಸರೂ ಸೇರುತ್ತಿದ್ದರು. 1971ರಲ್ಲಿ ಒಟ್ಟಾವಾದ ನ್ಯಾಷನಲ್ ಗ್ಯಾಲರಿಯಲ್ಲಿ ‘ಟ್ರೂ ಪೇಟ್ರಿಯಟ್ ಲವ್’ ಅಂತ ಪ್ರದರ್ಶನವಾಯಿತು. ಬದುಕಿರುವ ಕೆನಡಾದ ಕಲಾವಿದೆಯೊಬ್ಬರಿಗೆ ಆ ಗ್ಯಾಲರಿ ಒಂಟಿ ಪ್ರದರ್ಶನ ಕೊಟ್ಟದ್ದು ಅದೇ ಮೊದಲು. ಅಲ್ಲಿ ಕೌದಿ, ಹೆಣೆದ ಬಾವುಟ, ದೊಡ್ಡ ಕೇಕು, ಜೀವಂತ ಬಾತುಕೋಳಿ ಕೂಡ ಇದ್ದವು. ಗ್ಯಾಲರಿಯಲ್ಲಿ ಗಂಭೀರವಾಗಿ ಕೈ ಕಟ್ಟಿಕೊಂಡು ನಿಲ್ಲುವವರಿಗೆ ಹೇಗಾಗಿರಬೇಡ.

ನನಗೆ ತುಂಬ ಇಷ್ಟ ‘ವಾಟರ್ ಕ್ವಿಲ್ಟ್’. ದೂರದಿಂದ ನೋಡಿದರೆ ಚಿಕ್ಕ ಚಿಕ್ಕ ದಿಂಬುಗಳ ಸಾಲು. ಒಂದೊಂದರ ಮೇಲೂ ತೆಳ್ಳನೆ ಬಟ್ಟೆಯ ಮುಚ್ಚಳ, ಅದರಲ್ಲಿ ಆರ್ಕ್‌ಟಿಕ್ ಪ್ರದೇಶದ ಹೂವು, ನಾಜೂಕಾದ ಕಸೂತಿ. ಮುಚ್ಚಳ ಎತ್ತಿದರೆ ಒಳಗೆ ಅಚ್ಚಾದ ಬರಹ! ಕೆನಡಾದ ನೀರು, ಇಂಧನ ಎಲ್ಲ ಅಮೆರಿಕದ ಪಾಲಾಗುತ್ತಿದೆ ಅಂತ ಎಚ್ಚರಿಸುವ ಪುಸ್ತಕದ ಸಾಲುಗಳು. ಮೇಲೆ ಹೂವು, ಕೆಳಗೆ ರಾಜಕೀಯ. ಒಗ್ಗರಣೆ ಅಣ್ಣ ಕೇಳುವ ‘ವಿಷಯ’ ಇಲ್ಲಿದೆ. ಓದಬೇಕಾದರೆ ಕೈಯಿಂದ ಎತ್ತಬೇಕು ಅಷ್ಟೇ.

ಒಗ್ಗರಣೆ

ಮ್ಯೂಸಿಯಂನಲ್ಲಿ ಕೈ ಹಾಕಿದರೆ ಕಾವಲುಗಾರ ಬರುತ್ತಾನೆ, ನನಗೆ ವಿಷಯ ಹೇಗೆ ಸಿಗುತ್ತದೆ? 😄

ಕತ್ತರಿಟೇಬಲ್

ಹೊಲಿಗೆಗೂ ಸಿನಿಮಾಕ್ಕೂ ಇಲ್ಲಿ ನೇರ ನಂಟಿದೆ. ‘ಹ್ಯಾಂಡ್ ಟಿಂಟಿಂಗ್’ ಅಂತ 1967ರ ಪುಟ್ಟ ಚಿತ್ರ. ಅಮೆರಿಕದಲ್ಲಿ ಬಡ ಹುಡುಗಿಯರಿಗೆ ಕೆಲಸ ಕಲಿಸುವ ಸರ್ಕಾರಿ ಯೋಜನೆಯೊಂದಿತ್ತು, ಜಾಬ್ ಕೋರ್ ಅಂತ. ಅದರ ಬಗ್ಗೆ ಸಾಕ್ಷ್ಯಚಿತ್ರಕ್ಕೆ ತೆಗೆದು ಬಳಸದೆ ಉಳಿದ ತುಣುಕುಗಳನ್ನು ಆಕೆ ಇಟ್ಟುಕೊಂಡರು. ಬಟ್ಟೆಗೆ ಹಾಕುವ ಬಣ್ಣದಲ್ಲಿ ಫಿಲ್ಮನ್ನು ಅದ್ದಿದರು. ಹೊಲಿಗೆ ಸೂಜಿಯಿಂದ ತೂತು ಮಾಡಿದರು. ಹುಡುಗಿಯರು ಕುಣಿಯುತ್ತಾರೆ, ಈಜುತ್ತಾರೆ, ತಿರುಗಿ ನೋಡುತ್ತಾರೆ. ಒಂದು ಚಲನೆಯೂ ಪೂರ್ತಿಯಾಗುವುದಿಲ್ಲ, ಮತ್ತೆ ಮೊದಲಿಂದ. ಶಬ್ದವಿಲ್ಲ.

ಸರ್ಕಾರಿ ಚಿತ್ರದಲ್ಲಿ ಆ ಹುಡುಗಿಯರು ‘ಯೋಜನೆಯ ಫಲಾನುಭವಿಗಳು’ ಆಗಿರುತ್ತಿದ್ದರು. ಇಲ್ಲಿ ಸಿಕ್ಕಿಹಾಕಿಕೊಂಡಿರುವ ಹುಡುಗಿಯರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹೇಳುವವರ ದನಿ ಯಾಕೆ ಬೇಕು?

ಬೆಳ್ಳಿತೆರೆ ಭೂತ

ಇಷ್ಟೆಲ್ಲ ಮಾಡಿದ್ದರೂ ನಮಗೆ ಸ್ನೋ ಹೆಸರು ಗೊತ್ತು, ಇವರದು ಗೊತ್ತಿಲ್ಲ. ಯಾಕೆ?

ಕುಂಚದಕಡ್ಡಿ

ಯಾಕೆಂದರೆ ಪಟ್ಟಿ ಮಾಡುವವರು ಹಾಗೆ ಮಾಡಿದರು. 1969ರಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ಪಿ. ಆಡಮ್ಸ್ ಸಿಟ್ನಿ ಈ ಬಗೆಯ ಹೊಸ ಸಿನಿಮಾ ಬಗ್ಗೆ ಬರೆದ ಹೆಸರಾಂತ ಲೇಖನದಲ್ಲಿ ವೀಲೆಂಡ್ ಹೆಸರಿತ್ತು, ಒಬ್ಬಳೇ ಹೆಂಗಸು. ಮರುವರ್ಷ ನ್ಯೂಯಾರ್ಕಿನಲ್ಲಿ ಆಂಥಾಲಜಿ ಫಿಲ್ಮ್ ಆರ್ಕೈವ್ಸ್ ಅನ್ನುವ ಪ್ರಯೋಗದ ಚಿತ್ರಗಳ ಸಂಗ್ರಹಾಲಯ ಶುರುವಾಯಿತು. ‘ಇವು ನೋಡಲೇಬೇಕಾದವು’ ಅಂತ ಅವರು ಮಾಡಿದ ಆಯ್ಕೆಯಲ್ಲಿ ಗಂಡನ ಚಿತ್ರಗಳಿವೆ, ಇವರದಿಲ್ಲ. ಫಿಲ್ಮ್ ಸೊಸೈಟಿಗಳು, ಕಾಲೇಜುಗಳು ಇಂಥ ಪಟ್ಟಿ ನೋಡಿಕೊಂಡೇ ಚಿತ್ರ ತರಿಸುತ್ತವೆ. ಪಟ್ಟಿ ತಪ್ಪಿದರೆ ಎಲ್ಲ ತಪ್ಪಿತು.

ಮಾತುಗಾರ

ಹೆಂಗಸು ಅಂತ ಬಿಟ್ಟರು ಅನ್ನುವುದಕ್ಕೆ ಏನು ಆಧಾರ? ಚಿತ್ರ ಹಿಡಿಸದೆ ಬಿಟ್ಟಿರಬಹುದು. ಗಂಡನದು ಚೆನ್ನಾಗಿದ್ದಿರಬಹುದು. ಹಾಗೂ ಆಗಬಹುದಲ್ವಾ?

ಸೂಜಿದಾರ

ಆಗಬಹುದು ಸರ್. ಹಿಡಿಸದ್ದು ಯಾಕೆ ಅನ್ನುವುದೇ ಪ್ರಶ್ನೆ. ಅಡುಗೆಮನೆಯ ಮೇಜು, ಬೆಕ್ಕು, ಕೌದಿ, ತುಟಿ ಇವೆಲ್ಲ ‘ದೊಡ್ಡ’ ವಿಷಯವಲ್ಲ. ಖಾಲಿ ಕೋಣೆ, ಝೂಮ್ ದೊಡ್ಡ ವಿಷಯ. ಗಂಡನ ಚಿತ್ರ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ.

ಬೆಳ್ಳಿತೆರೆ ಭೂತ

ಬೆಕ್ಕು ಅಂದಿರಲ್ಲ, ಇಲಿ ಚಿತ್ರವೊಂದು ಇದೆಯಂತೆ?

ಕತ್ತರಿಟೇಬಲ್

‘ರ್‍ಯಾಟ್ ಲೈಫ್ ಅಂಡ್ ಡಯಟ್ ಇನ್ ನಾರ್ತ್ ಅಮೆರಿಕ’, 1968. ಅವು ಇಲಿಯಲ್ಲ, ಆಕೆ ಸಾಕಿದ್ದ ಜರ್ಬಿಲ್‌ಗಳು. ಇಲಿಯ ಜಾತಿಯ ಚಿಕ್ಕ ಪ್ರಾಣಿ. ಅಮೆರಿಕದ ಜೈಲಿನಲ್ಲಿರುವ ರಾಜಕೀಯ ಕೈದಿಗಳು ಅವು, ಬೆಕ್ಕುಗಳು ಕಾವಲುಗಾರರು. ಕೈದಿಗಳು ತಪ್ಪಿಸಿಕೊಂಡು ಕೆನಡಾಕ್ಕೆ ಓಡಿಹೋಗಿ ಸಾವಯವ ತೋಟ ಮಾಡುತ್ತವೆ. ವಿಯೆಟ್ನಾಂಗೆ ಹೋಗಲು ಒಪ್ಪದ ಹುಡುಗರು ಗಡಿ ದಾಟುತ್ತಿದ್ದ ಕಾಲ ಅದು. ಸುಮಾರು ಕಾಲು ಗಂಟೆ. ಕಾಳು ಮೆಲ್ಲುವ ಜರ್ಬಿಲ್ ನೋಡಿ ನಗು ಬರುತ್ತದೆ. ಆಮೇಲೆ ಅಷ್ಟು ನಗು ಬರುವುದಿಲ್ಲ.

ಒಗ್ಗರಣೆ

ಇದು ನೋಡುತ್ತೇನೆ.

ಹಳೇರೀಲು

ಒಂದು ವಿಷಯ ಗಮನಕ್ಕೆ ಬಂತು. ತುಟಿ ಮತ್ತೆ ಮತ್ತೆ ಬರುತ್ತದಾ ಆಕೆಯ ಕೆಲಸದಲ್ಲಿ? 1970ರ ‘ಓ ಕೆನಡಾ’ ಅನ್ನುವ ಕಲ್ಲಚ್ಚಿನ ಚಿತ್ರದಲ್ಲೂ ಬರೀ ಕೆಂಪು ತುಟಿಗುರುತು.

ಕುಂಚದಕಡ್ಡಿ

ಹೌದು. ಅದು ನೋವಾ ಸ್ಕೋಶಿಯಾದ ಕಲಾ ಕಾಲೇಜಿನಲ್ಲಿ ಮಾಡಿದ್ದು. ಲಿಪ್‌ಸ್ಟಿಕ್ ಹಚ್ಚಿಕೊಂಡು, ರಾಷ್ಟ್ರಗೀತೆಯ ಒಂದೊಂದು ಉಚ್ಚಾರಕ್ಕೂ ಬಾಯಿ ಆಕಾರ ಮಾಡಿ ಕಲ್ಲಿಗೆ ಒತ್ತುತ್ತಾ ಹೋದರು. ಸಾಲುಸಾಲಾಗಿ ತುಟಿಗಳು, ಗೀತೆ ಹಾಡಿದಂತೆ. ಎರಡು ವರ್ಷಕ್ಕೆ ವಾಲ್ಯೇರ್ ಬಾಯಿ. 1976ರ ‘ದ ಫಾರ್ ಶೋರ್’ನಲ್ಲೂ ಇದೆ. ಪ್ರೇಮಿಗಳಿಬ್ಬರು ಭೂತಗನ್ನಡಿಯನ್ನು ಬಾಯಿಯ ಮುಂದೆ ಹಿಡಿದು, ಸದ್ದಿಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ. ಕೆನಡಾದಲ್ಲಿ ಆಗ ಯಾರ ಭಾಷೆ ನಡೆಯಬೇಕು ಅಂತ ಜಗಳ. ಆಕೆ ಕ್ಯಾಮೆರಾವನ್ನು ಭಾಷೆ ಹುಟ್ಟುವ ಜಾಗಕ್ಕೇ ಇಟ್ಟರು.

ಬೆಳ್ಳಿತೆರೆ ಭೂತ

‘ಫಾರ್ ಶೋರ್’ ಓಡಲಿಲ್ಲ ಅಲ್ವಾ?

ಕತ್ತರಿಟೇಬಲ್

ಓಡಲಿಲ್ಲ. ಅದು ಕಥಾಚಿತ್ರ, 35 ಎಂಎಂ, ದೊಡ್ಡ ತಂಡ. 1917ರಲ್ಲಿ ಕೆನೂ ಸರೋವರದಲ್ಲಿ ಸತ್ತ ಕಲಾವಿದ ಟಾಮ್ ಥಾಮ್ಸನ್ ನೆರಳಿನಲ್ಲಿ ಕಟ್ಟಿದ ಪ್ರೇಮಕಥೆ. ಪ್ರತಿ ಶಾಟನ್ನೂ ಮೊದಲೇ ಚಿತ್ರ ಬಿಡಿಸಿಟ್ಟುಕೊಂಡಿದ್ದರು. ಆ ಸ್ಟೋರಿಬೋರ್ಡುಗಳನ್ನು ಬೇರೆಯಾಗಿಯೇ ಪ್ರದರ್ಶನಕ್ಕಿಡುವಷ್ಟು ಚೆನ್ನಾಗಿವೆ. ಆದರೆ ಪ್ರಯೋಗದವರಿಗೆ ಇದು ತೀರಾ ಸಾದಾ ಸಿನಿಮಾ ಅನಿಸಿತು, ಸಾದಾ ಪ್ರೇಕ್ಷಕರಿಗೆ ತೀರಾ ನಿಧಾನ ಅನಿಸಿತು. ಅದೇ ವರ್ಷ ಮದುವೆಯೂ ಮುರಿಯಿತು. ಆಮೇಲೆ ಆಕೆ ಹೆಚ್ಚಾಗಿ ಬಣ್ಣದ ಪೆನ್ಸಿಲ್ ಚಿತ್ರಗಳಿಗೆ, ಪೇಂಟಿಂಗಿಗೆ ಹೊರಳಿದರು.

ನನ್ನ ಪ್ರಕಾರ ಅದು ಆಕೆಯ ಕೆಲಸದಲ್ಲೇ ಸಪ್ಪೆಯದು. 11 ನಿಮಿಷದಲ್ಲಿ ಹೇಳುವುದು ಗೊತ್ತಿದ್ದವರಿಗೆ ಎರಡು ಗಂಟೆ ಯಾಕೆ ಬೇಕಿತ್ತೋ.

ಕುಂಚದಕಡ್ಡಿ

ಸಪ್ಪೆ ಅನ್ನಬೇಡಿ, ಮತ್ತೊಂದು ಸಲ ನೋಡಿ. ಭೂತಗನ್ನಡಿ ದೃಶ್ಯ ಒಂದಕ್ಕೇ ಅದನ್ನು ಕ್ಷಮಿಸಬಹುದು.

ಮಾತುಗಾರ

ಎಲ್ಲರೂ ಹೊಗಳುತ್ತಿದ್ದೀರಿ. ಆರ್ಕ್‌ಟಿಕ್ ಹೂವು, ಕಾರಿಬೂ, ಬಾವುಟ... ಆ ಉತ್ತರದ ನೆಲದಲ್ಲಿ ಜನ ಇದ್ದಾರಲ್ವಾ? ಇನುಯಿಟ್ ಜನ. ಅವರ ನೆಲವನ್ನು ‘ನಮ್ಮ ಕೆನಡಾ’ದ ಸಂಕೇತ ಮಾಡಿಕೊಳ್ಳುವುದು ಎಷ್ಟು ಸರಿ?

ಟೊರೊಂಟೊ_ಚಳಿ

ಮಾತುಗಾರರೇ, ಈ ಮಾತಿಗೆ ನನ್ನ ಓಟು. ಇಲ್ಲಿ ಈಗಿನ ವಿಮರ್ಶಕರೂ ಇದನ್ನು ಎತ್ತುತ್ತಾರೆ. ಅಮೆರಿಕದ ಕೈಯಿಂದ ದೇಶ ಉಳಿಸಬೇಕು ಅನ್ನುವ ಆತುರದಲ್ಲಿ, ಆ ನೆಲ ಮೊದಲು ಯಾರದ್ದಾಗಿತ್ತು ಅನ್ನುವುದು ಹಿಂದೆ ಸರಿಯಿತು. ಆ ಕಾಲದ ಕೆನಡಾ ದೇಶಪ್ರೇಮಿಗಳಲ್ಲಿ ಸುಮಾರು ಜನರ ಕಥೆ ಇದೇ.

ಸೂಜಿದಾರ

ಒಪ್ಪುತ್ತೇನೆ. ಆದರೂ ನದಿ, ನೀರು, ಹಿಮ ಮಾರಾಟಕ್ಕಿಲ್ಲ ಅಂತ 1971ರಲ್ಲೇ ಗ್ಯಾಲರಿ ಗೋಡೆಗೆ ತಂದವರು ಎಷ್ಟು ಜನ?

ಹಳೇರೀಲು

ಕೊನೆಯ ದಿನಗಳು ಹೇಗಿದ್ದವು?

ಕುಂಚದಕಡ್ಡಿ

1982ರಲ್ಲಿ ಆರ್ಡರ್ ಆಫ್ ಕೆನಡಾ ಗೌರವ ಬಂತು. 1987ರಲ್ಲಿ ಆರ್ಟ್ ಗ್ಯಾಲರಿ ಆಫ್ ಆಂಟೇರಿಯೊದಲ್ಲಿ ಇಡೀ ಜೀವಮಾನದ ಕೆಲಸದ ಪ್ರದರ್ಶನ. ಆಮೇಲೆ ಆಲ್ಜೈಮರ್ಸ್. ಕೆಲಸ ನಿಂತಿತು. 1998ರ ಜೂನ್‌ನಲ್ಲಿ ಟೊರೊಂಟೊದಲ್ಲೇ ತೀರಿಕೊಂಡರು.

ಹಳೇರೀಲು

ಓದುತ್ತಾ ಹೋದಂತೆ ಪಟ್ಟಿ ಬೆಳೆಯುತ್ತಿದೆ. ಗುಂಪಿನಲ್ಲಿ ತೋರಿಸಬೇಕು ಅಂದರೆ ಪ್ರತಿಗಳನ್ನು ಎಲ್ಲಿ ಕೇಳಬೇಕು? ಯಾವುದನ್ನು ಮೊದಲು ಹಾಕಲಿ?

ಕತ್ತರಿಟೇಬಲ್

ಟೊರೊಂಟೊದ ಕೆನೇಡಿಯನ್ ಫಿಲ್ಮ್‌ಮೇಕರ್ಸ್ ಡಿಸ್ಟ್ರಿಬ್ಯೂಷನ್ ಸೆಂಟರ್‌ಗೆ ಬರೆಯಿರಿ, ವಿತರಣೆ ಅವರದ್ದೇ. ಮೊದಲು ಜರ್ಬಿಲ್ ಹಾಕಿ, ಜನ ಕೂರುತ್ತಾರೆ. ಆಮೇಲೆ ‘ಹ್ಯಾಂಡ್ ಟಿಂಟಿಂಗ್’. ವಾಲ್ಯೇರ್ ಹಾಕುವುದಾದರೆ ಚಿತ್ರದ ಇಂಗ್ಲಿಷ್ ಸಬ್‌ಟೈಟಲ್ ಓದಲು ಆಗುವಷ್ಟು ದೊಡ್ಡ ಪರದೆ ಇರಲಿ. ‘ರೀಸನ್ ಓವರ್ ಪ್ಯಾಶನ್’ ಮೊದಲ ದಿನವೇ ಹಾಕಬೇಡಿ, ಬೀಪ್ ಸದ್ದಿಗೆ ಅರ್ಧ ಜನ ಎದ್ದುಹೋಗುತ್ತಾರೆ.

ಒಗ್ಗರಣೆ

ಉಳಿದ ಅರ್ಧ ಜನರಿಗೆ ಕಾಫಿ ಕೊಡಿ. ಯಾವತ್ತು ಅಂತ ಮೊದಲೇ ಹೇಳಿ, ನಾನೂ ಬರುತ್ತೇನೆ. ಜಗಳ ಆಡುವುದಕ್ಕೆ.

ಸೂಜಿದಾರ

ಬನ್ನಿ ಅಣ್ಣಾ, ಕೌದಿ ತಂದಿರುತ್ತೇನೆ. ಅಕ್ಷರಗಳನ್ನು ಸ್ವಲ್ಪ ಸಡಿಲವಾಗೇ ಹೊಲಿದಿರುತ್ತೇನೆ, ಕಿತ್ತು ಎಸೆಯಲು ಸುಲಭವಾಗಲಿ.